ಕಪಾಟಿನ ಬೆನ್ನು

ಆಗಸ್ಟ್ 4, ಸೋಮವಾರ

ಅಂಗಡಿಯ ಶಟರ್ ಎತ್ತುವ ಮೊದಲೇ ವಾಟ್ಸಾಪಿನಲ್ಲಿ ಮೂರು ಕಪಾಟು. ಹೆಜಮಾಡಿಯವರದ್ದು ಒಂದು — "ಅಜ್ಜನ ಕಾಲದ್ದು, ಇನ್ನೂರು ವರ್ಷ ಆಗಿದೆ, ರೇಟ್ ಹೇಳಿ." ಫೋಟೋ ದೊಡ್ಡದು ಮಾಡಿ ನೋಡಿದರೆ ಸನ್ಮೈಕಾ. ಹೆತ್ತವರಿಗೆ ಹೆಗ್ಗಣ ಮುದ್ದು. ಈ ಸಂತೆಕಟ್ಟೆಯಲ್ಲಿ ಹಳೆ ಮರದ ಸಾಮಾನಿನ ಅಂಗಡಿ ಇಟ್ಟು ಮೂವತ್ತು ವರ್ಷ ಆಯಿತು, ಇನ್ನೂರಕ್ಕಿಂತ ಕಮ್ಮಿ ಪ್ರಾಯದ ಕಪಾಟು ಯಾರ ಮನೆಯಲ್ಲೂ ಕಂಡಿಲ್ಲ. ಆ ಅಜ್ಜನಿಗೆ ಇದ್ದದ್ದೇ ಎರಡು ಪಂಚೆ. ಕಪಾಟಿನಲ್ಲಿ ಎಂತ ಇಡುತ್ತಿದ್ದನೋ.

ಎಲ್ಲರಿಗೂ ಒಂದೇ ಉತ್ತರ ಕಳಿಸಿದೆ: ಹಿಂದಿನ ಫೋಟೋ ಕಳಿಸಿ. ಯಾರೂ ಕಳಿಸುವುದಿಲ್ಲ. ಗೋಡೆಯಿಂದ ಸರಿಸಲಿಕ್ಕೆ ಉದಾಸೀನ. ಕಾರ್ಕಳದ ಅಂಗಳದಲ್ಲಿ ಉಳಿ ಹಿಡಿದುಕೊಂಡು ಅಪ್ಪ ಹೇಳುತ್ತಿದ್ದರು — ಕಪಾಟಿನ ಮುಖ ನೋಡಿ ಪ್ರಾಯ ಹೇಳಬೇಡ, ಬೆನ್ನು ನೋಡು. ಮುಖಕ್ಕೆ ಎಲ್ಲರೂ ಪಾಲಿಶ್ ಹಾಕ್ತಾರೆ, ಬೆನ್ನಿಗೆ ಯಾರೂ ಹಾಕುವುದಿಲ್ಲ.

ಹನ್ನೊಂದಕ್ಕೆ ಒಂದು ಫೋನ್. ಗುರ್ತವಿಲ್ಲದ ನಂಬರ್.

"ಆಚಾರ್ರೆ, ನಾನು ಶಂಕರಪುರದಿಂದ ವೆರೊನಿಕಾ. ಸ್ಯಾಮ್ಸನ್ನನ ಅಕ್ಕ. ಗುರ್ತ ಸಿಕ್ಕಿತಾ?"

"ಸಿಕ್ಕಿತು ಬಾಯಮ್ಮ. ಎಂತ ವಿಶೇಷ?"

"ಕಪಾಟು ಕೊಡುವ ಅಂತ. ನೀವೇ ಕಾಗದ ಬರೆದು ಕೊಟ್ಟದ್ದಲ್ವಾ. ಈಗ ಬೆಲೆ ಇನ್ನೂ ಹೆಚ್ಚಾಗಿರಬೇಕು. ಒಮ್ಮೆ ಬಂದು ನೋಡಿ."

ಬರುತ್ತೇನೆ ಎಂದೆ. ಮಧ್ಯಾಹ್ನದ ಬುತ್ತಿ ಹಾಗೆಯೇ ಮನೆಗೆ ತಂದದ್ದಕ್ಕೆ ಹೆಂಡತಿ ಮೋಹಿನಿಯಿಂದ ಬೈಗುಳ.

ಆಗಸ್ಟ್ 5

ಹಳೆಯ ಕಾರ್ಬನ್ ಪುಸ್ತಕ ಹುಡುಕಿದೆ. 2003ರದ್ದು. ಇಲಿ ಒಂದು ಮೂಲೆ ತಿಂದಿದೆ, ನನ್ನ ಸಹಿಯನ್ನು ಮಾತ್ರ ಬಿಟ್ಟಿದೆ.

"ವಸ್ತು: ಎರಡು ಬಾಗಿಲಿನ ಬಟ್ಟೆ ಕಪಾಟು. ಮರ: ಬೀಟೆ. ಪ್ರಾಯ: ಅಂದಾಜು ನೂರ ಮೂವತ್ತು ವರ್ಷ. ಬೆಲೆ: ಮೂರು ಲಕ್ಷ ರೂಪಾಯಿ. — ತಾರಾನಾಥ ಆಚಾರ್ಯ."

ವೆರೊನಿಕಾ ಬಾಯಮ್ಮನ ತಾಯಿ ತೀರಿಕೊಂಡ ವರ್ಷ. ಪಾಲಿನ ಮಾತು. ಮಕ್ಕಳು ಇಬ್ಬರೇ — ಅಕ್ಕ ವೆರೊನಿಕಾ, ಮದುವೆ ಆಗಿರಲಿಲ್ಲ. ತಮ್ಮ ಸ್ಯಾಮ್ಸನ್, ಕುವೈತಿನಲ್ಲಿದ್ದ, ನನ್ನ ದೋಸ್ತಿ. ಎಂಬತ್ತು ಸೆಂಟ್ಸ್ ಜಾಗ, ದೊಡ್ಡ ಮನೆ. ಸ್ಯಾಮ್ಸನ್ ಹೇಳಿದ ಲೆಕ್ಕ: ಅಕ್ಕನಿಗೆ ಐದು ಸೆಂಟ್ಸ್, ಅದರಲ್ಲಿರುವ ಸಣ್ಣ ಮನೆ, ಮಲ್ಲಿಗೆ ಗಿಡಗಳು. ಮತ್ತೆ ಶಿರ್ವದ ಅಜ್ಜಿಯ ಕಪಾಟು. "ಕಪಾಟೊಂದೇ ಮೂರು ಲಕ್ಷ ಆಗ್ತದೆ, ತಾರಾನಾಥ ಬರೆದು ಕೊಡ್ತಾನೆ." ಬಾಯಮ್ಮ ಸಹಿ ಹಾಕಿದರು. ಉಳಿದದ್ದೆಲ್ಲ ತಮ್ಮನಿಗೆ. ಅವನು ಆಮೇಲೆ ಲೇಔಟಿನವರಿಗೆ ಮಾರಿ ಮಣಿಪಾಲದಲ್ಲಿ ಫ್ಲಾಟ್ ತೆಗೆದುಕೊಂಡ.

ನಾನು ಬೆನ್ನು ನೋಡಿರಲಿಲ್ಲ. ಕಪಾಟಿನ ತಲೆಯ ಮೇಲೆ ಅವರ ಅಲ್ತಾರ್ ಇತ್ತು — ಯೇಸುವಿನ ಪಟ, ಮಾತೆಯ ಮೂರ್ತಿ, ದೀಪ, ಜಪಸರ, ಹತ್ತು ಹದಿನೈದು ಸಂತರು. ದೇವರ ಪೀಠವನ್ನು ಹೊರಗಿನವನು ನಾನು ಸರಿಸಿ ಎಂದು ಹೇಗೆ ಹೇಳುವುದು. ಹಾಗಾಗಿ ಮುಖ ನೋಡಿ ಬರೆದೆ. ಇಷ್ಟೇ ನಡೆದದ್ದು.

ಆಗಸ್ಟ್ 8, ಶುಕ್ರವಾರ

ಶಂಕರಪುರಕ್ಕೆ ಹೋದೆ. ಬೆಳಗ್ಗೆ ಒಂಬತ್ತೂವರೆ. ಜಗಲಿಯಲ್ಲಿ ಪಕ್ಕದ ಮನೆಯ ಆಂಜೆಲಾ ಮಲ್ಲಿಗೆ ಕಟ್ಟುತ್ತಿದ್ದಳು, ಬಾಯಮ್ಮ ಬಾಳೆ ನಾರು ಸೀಳಿ ಕೊಡುತ್ತಿದ್ದರು. ಹನ್ನೊಂದರೊಳಗೆ ಕಟ್ಟಿ, ಹೂವು ಕೊಳ್ಳುವವರ ಕಟ್ಟೆಗೆ ಮುಟ್ಟಿಸಬೇಕು. ಮೊದಲು ಒಬ್ಬರೇ ಆರು ಚೆಂಡು ಹೂವು ಕಟ್ಟುತ್ತಿದ್ದರಂತೆ. ಈಗ ಕೂತಲ್ಲಿಂದ ಏಳುವಾಗ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಅರುವತ್ತೆಂಟು ವರ್ಷ. ಮುಖ ಸಣ್ಣದಾಗಿದೆ, ಹೊಟ್ಟೆ ಮಾತ್ರ ಉಬ್ಬಿದೆ.

"ಗಂಟು ಉಂಟಂತೆ ಆಚಾರ್ರೆ. ಮಣಿಪಾಲದಲ್ಲಿ ತೋರಿಸಿದೆ. ಸೆಪ್ಟೆಂಬರ್ ಹದಿನೆಂಟಕ್ಕೆ ಆಪರೇಷನ್."

"ಯಾವಾಗ ಗೊತ್ತಾಯ್ತು?"

"ಹೋದ ಕ್ರಿಸ್ಮಸ್‌ಗೇ ಕೈಗೆ ಸಿಕ್ಕಿತ್ತು. ಇಷ್ಟು ದೊಡ್ಡ ಮಾಲನ್ನು ಇಷ್ಟು ಸಣ್ಣ ಗಂಟಿಗೆ ಮಾರುವುದಾ ಅಂತ ಬಿಟ್ಟೆ."

ಆಂಜೆಲಾ ಹೂವಿನಿಂದ ತಲೆ ಎತ್ತಲಿಲ್ಲ. "ಇವರದ್ದು ಯಾವಾಗಲೂ ಅದೇ. ಆಯುಷ್ಮಾನ್ ಕಾರ್ಡ್ ಮಾಡಿಸಿ ಅಂದೆ — ಕಪಾಟು ಉಂಟಲ್ಲ. ಎಲ್ಲೈಸಿ ಮಾಡಿಸಿ ಅಂದ್ರು — ಕಪಾಟು ಉಂಟಲ್ಲ. ತಮ್ಮನ ಹತ್ರ ಕೇಳಿ ಅಂದ್ರೆ ಅದಕ್ಕೂ ಕಪಾಟು ಉಂಟಲ್ಲ."

"ಉಂಟಲ್ಲ ಮತ್ತೆ," ಎಂದು ಬಾಯಮ್ಮ ನಕ್ಕರು. "ಹೂವಿನ ಬೆಲೆ ದಿನಾ ಏರ್ತದೆ, ಇಳೀತದೆ. ಈ ಇಪ್ಪತ್ತೆರಡು ವರ್ಷ ಇಳಿಯದೆ ನಿಂತದ್ದು ನೀವು ಬರೆದದ್ದು ಒಂದೇ."

ಒಳಗೆ ಕರೆದುಕೊಂಡು ಹೋದರು. ನನ್ನ ಕಾಗದ ಲ್ಯಾಮಿನೇಟ್ ಮಾಡಿಸಿ ಬಾಗಿಲ ಒಳಬದಿಗೆ ಅಂಟಿಸಿದ್ದಾರೆ. ಸೀರೆಗಳ ಪಕ್ಕದಲ್ಲಿ. ಬಂದವರಿಗೆಲ್ಲ ತೋರಿಸುತ್ತಾರಂತೆ.

ಬಾಗಿಲು ಎರಡೂ ಬೀಟೆಯೇ. ಒಳ್ಳೆಯ ಪ್ರಾಯದ್ದು. ಕೆತ್ತಿದ ಬಳ್ಳಿಯ ಅಂಚು ಬಟ್ಟೆ ಉಜ್ಜಿ ಉಜ್ಜಿ ಮೊಂಡಾಗಿದೆ, ಅದು ಸುಳ್ಳು ಹೇಳುವುದಿಲ್ಲ. ಒಳಗೆ ಕೈ ಹಾಕಿ ಪಕ್ಕದ ಹಲಗೆ ಸವರಿದೆ. ಹಲಸು. ಬೀಟೆಯ ಬಣ್ಣ ಕೊಟ್ಟ ಹಲಸು.

"ಹಿಂದೆ ನೋಡಬೇಕಿತ್ತು ಬಾಯಮ್ಮ."

"ಅಲ್ತಾರ್ ತೆಗೀಬೇಕಲ್ಲ. ಮೊಂತಿ ಹಬ್ಬದ ದಿನ ಹೇಗೂ ಇಳಿಸಿ ತೊಳೆದು ಭತ್ತದ ಕದಿರು ಇಡ್ಲಿಕ್ಕುಂಟು. ನಿಮ್ಮ ಹೆಂಡತಿಯನ್ನು ಕರ್ಕೊಂಡು ಊಟಕ್ಕೇ ಬನ್ನಿ. ಅದೇ ದಿನ ನೋಡುವ."

ಮಾತೆಯ ಹುಟ್ಟುಹಬ್ಬ, ಅವರ ಹೊಸ ಅಕ್ಕಿ ಊಟದ ದಿನ, ಸೆಪ್ಟೆಂಬರ್ ಎಂಟಕ್ಕೆ. ಒಂದು ತಿಂಗಳು ಸಿಕ್ಕಿತು ಎಂದು ನನಗೆ ಸಮಾಧಾನವಾಯಿತು. ಬರೆಯುವಾಗ ನಾಚಿಕೆಯಾಗುತ್ತದೆ. ಆದರೂ ಆದದ್ದು ಸಮಾಧಾನವೇ.

ಆಗಸ್ಟ್ 9

ಮೊನ್ನೆ "ಇಷ್ಟೇ ನಡೆದದ್ದು" ಎಂದು ಬರೆದಿದ್ದೆ. ಇಷ್ಟೇ ಅಲ್ಲ.

2003ರಲ್ಲಿ ಡ್ರಾಯರ್ ಎಳೆದಿದ್ದೆ. ಕೆಳಗಿನದ್ದು, ಪೂರ್ತಿ ಹೊರಗೆ. ಅಡಿಗೆ ಪ್ಲೈವುಡ್. ತಂತಿ ಮೊಳೆ. ನೂರ ಮೂವತ್ತು ವರ್ಷದ ಕಪಾಟಿಗೆ ಪ್ಲೈವುಡ್ ಎಲ್ಲಿಂದ ಬರಬೇಕು? ಆಮೇಲೆ ರಿಪೇರಿ ಮಾಡಿದ್ದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಇರಲಿಕ್ಕೂ ಸಾಕು. ಖಾತ್ರಿ ಮಾಡಬೇಕಾದರೆ ಬೆನ್ನು ನೋಡಬೇಕು, ಬೆನ್ನು ನೋಡಬೇಕಾದರೆ ಬಾಯಮ್ಮನ ಹತ್ತಿರ ಅಲ್ತಾರ್ ಇಳಿಸಲು ಹೇಳಬೇಕು. ನಾನು ಹೇಳಲೇ ಇಲ್ಲ. ಸ್ಯಾಮ್ಸನ್ ಹಿಂದೆ ನಿಂತಿದ್ದ.

"ನೋಡಿ ಆಯ್ತಲ್ಲ? ಸ್ವಲ್ಪ ಗಟ್ಟಿ ಬರಿ ಮಾರಾಯ. ಅವಳಿಗೂ ಸಂತೋಷ ಆಗಲಿ."

ಲಂಚ ಗಿಂಚ ಎಂತದೂ ಕೊಟ್ಟವನಲ್ಲ. ಅಂಗಡಿ ಆಗ ಬಡಕಲು. ಕುವೈತಿನ ಅವನ ಸ್ನೇಹಿತರು ಊರಲ್ಲಿ ಮನೆ ಕಟ್ಟುತ್ತಿದ್ದರು, ಎಲ್ಲರಿಗೂ ಹಳೆಯ ಕುರ್ಚಿ, ಹಳೆಯ ಮಂಚ ಬೇಕಿತ್ತು. ಎಲ್ಲರೂ ನನ್ನಲ್ಲಿಗೇ ಬಂದರು. ಮಗಳು ನಿಖಿತಾಳ ಕಾಲೇಜು, ಪರ್ಕಳದ ಈ ಮನೆ, ಎಲ್ಲ ಅದರಿಂದಲೇ ಆದದ್ದು.

ಸುಳ್ಳು ಬರಿ ಎಂದು ಅವನು ಹೇಳಲಿಲ್ಲ. ನಾನೇ ಬರೆದೆ.

ಆಗಸ್ಟ್ 21, ಗುರುವಾರ

ಕಾರ್ಕಳ. ಲೆಸ್ಟರ್‌ನನ್ನು ಕಂಡೆ. ಮೂವತ್ತು ವರ್ಷ ದಾಟದ ಹುಡುಗ, ರೆಸಾರ್ಟ್‌ಗಳಿಗೆ ಹಳೆ ಮಾಲು ಒದಗಿಸುತ್ತಾನೆ. ಚುರುಕು. ಶಂಕರಪುರದಲ್ಲಿ ಒಳಗೂ ಹೊರಗೂ ತೆಗೆದ ಕಪಾಟಿನ ಫೋಟೋ ಫೋನಿನಲ್ಲಿ ತೋರಿಸಿದೆ. ಯಾರದ್ದೆಂದು ಹೇಳಲಿಲ್ಲ. ಎರಡು ಸಲ ಬೆರಳಾಡಿಸಿ ನೋಡಿದ.

"ಬಾಗಿಲು ಸೂಪರ್ ಅಂಕಲ್. ಬಾಡಿ ಎಪ್ಪತ್ತು ಎಂಬತ್ತರ ದಶಕದ್ದು. ಯಾರೋ ಹಳೆ ಬಾಗಿಲಿಗೆ ಹೊಸ ಪೆಟ್ಟಿಗೆ ಮಾಡಿಸಿದ್ದಾರೆ. ಬಾಗಿಲು ಮಾತ್ರ ಕೊಡಿ, ಜೋಡಿಗೆ ನಲವತ್ತು ಸಾವಿರ. ಬಾಡಿ ಬೇಡ."

"ಅಷ್ಟು ಬೇಗ ಗೊತ್ತಾಯ್ತಾ?"

"ನಿಮಗೆ ಗೊತ್ತಾಗ್ಲಿಲ್ವಾ? ನಿಮ್ಮ ಹತ್ರ ಕಲಿತದ್ದಲ್ವಾ ನಾವೆಲ್ಲ."

ಬಸ್ಸಿನಲ್ಲಿ ಪರ್ಕಳದವರೆಗೂ ಅದೇ ಕೇಳುತ್ತಾ ಇತ್ತು.

ಆಗಸ್ಟ್ 24

ಮೋಹಿನಿಗೆ ಹೇಳಿದೆ. ಎಲ್ಲ. ಪತ್ರೊಡೆಗೆ ಎಲೆ ಒರೆಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಊರವರ ಕಪಾಟಿನ ಪ್ರಾಯ ಹೇಳ್ಲಿಕ್ಕೆ ಬರ್ತದೆ ನಿಮಗೆ. ನಿಮಗೆ ಎಷ್ಟಾಯ್ತು?"

"ಅರುವತ್ನಾಲ್ಕು."

"ಹಾಗಾದ್ರೆ ಹೇಳಿಬಿಡಿ. ಇನ್ನು ಯಾವಾಗ ಹೇಳ್ಲಿಕ್ಕೆ?"

ಸ್ಯಾಮ್ಸನ್‌ಗೆ ಫೋನ್ ಮಾಡಿದೆ. ಮೊದಲು ಮಂಡಿ ನೋವಿನ ವಿಷಯ ಹೇಳಿದ. ಕಪಾಟಿನ ವಿಷಯ ಎತ್ತಿದಾಗ ಟಿವಿಯ ಸ್ವರ ಕಮ್ಮಿ ಮಾಡಿದ. ಆಮೇಲೆ — "ಇಪ್ಪತ್ತೆರಡು ವರ್ಷ ಆಯ್ತು ಮಾರಾಯ. ನಾನು ಮರ ಗೊತ್ತಿದ್ದವನಾ? ಸಹಿ ನಿನ್ನದಲ್ವಾ?"

ಅವನು ಹೇಳಿದ್ದು ಸರಿಯೇ. ಅದಕ್ಕೇ ಹೆಚ್ಚು ಸಿಟ್ಟು ಬಂತು.

ಸೆಪ್ಟೆಂಬರ್ 8, ಸೋಮವಾರ. ಮೊಂತಿ ಹಬ್ಬ

ಬರೆಯದೆ ಮಲಗಬಾರದು ಎಂದು ಬರೆಯುತ್ತಿದ್ದೇನೆ.

ನಾವು ಹೋಗುವಾಗ ಬಾಯಮ್ಮ ಇಗರ್ಜಿಯಿಂದ ಬಂದಾಗಿತ್ತು. ಕೈಯಲ್ಲಿ ಆಶೀರ್ವಾದದ ಕದಿರು. ಆಂಜೆಲಾ ಅಡಿಗೆ ಮನೆಯಲ್ಲಿ, ಅವಳ ಗಂಡ ಲೂಯಿಸ್ ಕಪಾಟು ಸರಿಸಲು ನನ್ನ ಜೊತೆ. ಅಲ್ತಾರನ್ನು ಬಾಯಮ್ಮನೇ ಇಳಿಸಿದರು. ನಮ್ಮನ್ನು ಮುಟ್ಟಲು ಬಿಡಲಿಲ್ಲ. ಒಂದೊಂದೇ ಪಟ ಒರೆಸಿ ಮಂಚದ ಮೇಲೆ ಸಾಲಾಗಿ ಇಟ್ಟರು. ನಡುವೆ ಎರಡು ಸಲ ಕೂತರು.

ಲೂಯಿಸನೂ ನಾನೂ ಎಳೆದೆವು. ಗೋಡೆಯಿಂದ ಒಂದು ಮೊಳ ಬಂತು. ಟಾರ್ಚ್ ಹಾಕಿದೆ.

ಮಾವಿನ ಹಲಗೆ. ಗರಗಸದ ಗೆರೆ ಕಮಾನಿನ ಹಾಗೆ ಬಾಗಿದೆ — ಮಿಲ್ಲಿನಲ್ಲಿ ಕೊಯ್ದದ್ದು. ಕೈಗರಗಸವಾದರೆ ಗೆರೆ ನೇರ ಇರುತ್ತದೆ. ಲೆಸ್ಟರ್ ಫೋನಿನಲ್ಲಿ ಕಂಡದ್ದನ್ನು ನಾನು ಇಪ್ಪತ್ತೆರಡು ವರ್ಷದ ಮೇಲೆ ಕಣ್ಣಾರೆ ಕಂಡೆ. ಟಾರ್ಚ್ ಮೇಲಕ್ಕೆ ಹೋಯಿತು. ನಡುವಿನ ಹಲಗೆಯಲ್ಲಿ ಪೆನ್ಸಿಲಿನಿಂದ ಬರೆದಿತ್ತು. ಕನ್ನಡ ಅಕ್ಷರ, ಕೊಂಕಣಿ ಮಾತು.

"ವೆರೊನಿಕಾಕ್. 12-1-1979."

ವೆರೊನಿಕಾಳಿಗೆ, ಎಂದು.

ಟಾರ್ಚ್ ಅಲ್ಲೇ ನಿಂತದ್ದು ನೋಡಿ ಬಾಯಮ್ಮ ಎದ್ದು ಬಂದರು. ಸಂದಿಯಲ್ಲಿ ತಲೆ ಹಾಕಿ ಓದಿದರು. ಇನ್ನೊಮ್ಮೆ ಓದಿದರು.

"ಪಪ್ಪನ ಅಕ್ಷರ."

ಆಮೇಲೆ ಮಂಚದಲ್ಲಿ, ಸಂತರ ಪಕ್ಕದಲ್ಲಿ ಕೂತು ಹೇಳಿದರು. ಆ ವರ್ಷ ಅವರಿಗೊಂದು ಸಂಬಂಧ ಗಟ್ಟಿಯಾಗಿತ್ತು. ಈಸ್ಟರ್ ಕಳೆದು ಮದುವೆ. ಹೆಣ್ಣಿನ ಜೊತೆ ಕಪಾಟು ಕೊಡುವುದು ಅವರಲ್ಲಿ ಕ್ರಮ. ಜನವರಿಯಲ್ಲಿ ಒಂದು ದಿನ ಲಾರಿಯಲ್ಲಿ ಕಪಾಟು ಬಂತು. ಶಿರ್ವದ ಅಜ್ಜಿಯ ಕಪಾಟು, ರಿಪೇರಿ ಮಾಡಿಸಿ ತಂದೆ, ಎಂದು ಅಪ್ಪ ಹೇಳಿದರು. ಫೆಬ್ರವರಿಯಲ್ಲಿ ಹುಡುಗನ ಕಡೆಯವರು ಬೇಡ ಎಂದರು. ಕಾರಣ ಹೇಳಲಿಲ್ಲ. ಮರುದಿನ ಅಪ್ಪ ಚಾವಡಿಯ ಅಲ್ತಾರ್ ತಂದು ಕಪಾಟಿನ ಮೇಲೆ ಇಟ್ಟರು. ಪಾಲಾದ ಮೇಲೆ ಈ ಮನೆಗೆ ಹೊತ್ತು ತಂದ ಕೂಲಿಯವರೂ ಬೆನ್ನನ್ನು ನೇರ ಗೋಡೆಗೆ ಒತ್ತಿಟ್ಟು ಹೋದದ್ದಂತೆ.

"ನಾವು ಕೇಳ್ಲಿಲ್ಲ ಯಾಕೆ ಅಂತ. ಈಗ ಗೊತ್ತಾಗ್ತದೆ. ಮೇಲೆ ದೇವರಿದ್ರೆ ಯಾರೂ ಸರಿಸುವುದಿಲ್ಲ. ಮಗಳ ಮದುವೆಯ ಕಪಾಟು ಎಂತ ಮಾಡಿದ್ರಿ ಅಂತ ಯಾರೂ ಕೇಳುವುದೂ ಇಲ್ಲ."

ಶಿರ್ವದ ಅಜ್ಜಿಯ ಕಪಾಟಿನ ಬಾಗಿಲಷ್ಟೇ ಗೆದ್ದಲಿಗೆ ಸಿಗದೆ ಉಳಿದಿರಬೇಕು. ಅದಕ್ಕೆ ಮಗಳಿಗಾಗಿ ಹೊಸ ಒಡಲು ಕಟ್ಟಿಸಿದ್ದಾರೆ.

ಮೋಹಿನಿ ಬಾಯಮ್ಮನ ಕೈ ಹಿಡಿದುಕೊಂಡಳು. ಬಾಯಮ್ಮ ನನ್ನನ್ನು ನೋಡಿದರು.

"ಹಾಗಾದ್ರೆ ಇದು ಮೊದಲೇ ನನ್ನದು."

"ಹೌದು."

"ಪಾಲು ಅಂತ ನನಗೆ ಕೊಟ್ಟದ್ದು ಎಂತ ಆಚಾರ್ರೆ?"

2003ರಲ್ಲಿ ಕಂಡದ್ದೆಲ್ಲ ಹೇಳಿದೆ. ಡ್ರಾಯರ್, ಪ್ಲೈವುಡ್, ತಂತಿ ಮೊಳೆ.

"ಆಗಲೇ ಗೊತ್ತಿತ್ತಾ?"

"ಸಂಶಯ ಇತ್ತು."

"ಸಂಶಯ ಇದ್ದವರು ಮೂರು ಲಕ್ಷ ಅಂತ ಬರೀತಾರಾ?"

ಸ್ವರ ಏರಿಸಲಿಲ್ಲ. ಕಣ್ಣೊರೆಸಿಕೊಳ್ಳಲೂ ಇಲ್ಲ. ಆಂಜೆಲಾಳಿಗೆ ಎಲೆ ಹಾಕಲು ಹೇಳಿದರು. "ಹಬ್ಬದ ದಿನ ಊಟ ಮಾಡದೆ ಹೋಗಬಾರದು. ಊಟ ಮಾಡಿ. ಆಮೇಲೆ ಸ್ವಲ್ಪ ದಿನ ಬರಬೇಡಿ."

ಹೊಸ ಅಕ್ಕಿಯ ಪಾಯಸ ಬಡಿಸಿದರು. ತಿಂದೆ. ಎಲೆಯಲ್ಲಿ ಎಂತದೂ ಬಿಡಲಿಲ್ಲ.

ಸೆಪ್ಟೆಂಬರ್ 10

ಮಣಿಪಾಲ. ಸ್ಯಾಮ್ಸನ್ನನ ಫ್ಲಾಟ್. ಫೋನಿನಲ್ಲಿ ತೆಗೆದ ಬೆನ್ನಿನ ಫೋಟೋ ಅವನ ಮುಂದೆ ಹಿಡಿದೆ. ಜಗಳಕ್ಕೆ ತಯಾರಾಗಿ ಹೋಗಿದ್ದೆ. ಅವನು ಕನ್ನಡಕ ಹಾಕಿದ, ತೆಗೆದ, ಮತ್ತೆ ಹಾಕಿದ.

"ಪಪ್ಪ 'ಕ' ಬರೆಯುವುದು ಹೀಗೇ. ಬಾಲ ಉದ್ದ." ತುಂಬಾ ಹೊತ್ತು ಅದನ್ನೇ ನೋಡಿದ. "ನನಗೆ ಗೊತ್ತಿರಲಿಲ್ಲ ಮಾರಾಯ. ದೇವರಾಣೆ. ಆಗ ನನಗೆ ಹದಿನಾಲ್ಕು ವರ್ಷ."

ನಂಬಿದೆ. ಇದೊಂದು ಅವನಿಗೆ ನಿಜವಾಗಿ ಗೊತ್ತಿರಲಿಲ್ಲ.

"ಆಸ್ಪತ್ರೆಯ ಖರ್ಚೆಲ್ಲ ನಾನು ನೋಡಿಕೊಳ್ತೇನೆ. ಅವಳಿಗೆ ಹೇಳು. ಕಾಗದ ಗೀಗದ ಎಂತದೂ ಬೇಡ. ಹಳೆಯದನ್ನು ಕೆದಕುವುದು ಬೇಡ."

ಸೆಪ್ಟೆಂಬರ್ 14, ಭಾನುವಾರ

ಬಾಯಮ್ಮನೇ ಕರೆಸಿದರು. ಅಲ್ತಾರ್ ಮತ್ತೆ ಮೇಲೆ ಕೂತಿದೆ, ಕದಿರು ಪಟಕ್ಕೆ ಸಿಕ್ಕಿಸಿದ್ದಾರೆ. ಕಪಾಟನ್ನು ಮಾತ್ರ ಗೋಡೆಗೆ ಒತ್ತಿಲ್ಲ. ಸಂದಿ ಬಿಟ್ಟಿದ್ದಾರೆ, ಕೈ ಹೋಗುವಷ್ಟು.

ಸ್ಯಾಮ್ಸನ್ ಹೇಳಿದ್ದನ್ನು ಹೇಳಿದೆ.

"ದಾನ ಅಂತ ಕೊಡ್ತಾನೆ. ಬೇಡ. ಪಾಲು ಅಂತ ಕೊಡಲಿ, ಎರಡು ಕೈಯಲ್ಲಿ ತಕ್ಕೊಳ್ತೇನೆ."

"ಅವನು ಹಾಗೆ ಹೇಳ್ಬೇಕಲ್ಲ ಬಾಯಮ್ಮ."

"ನೀವು ಬರೆದ್ರೆ ಹೇಳ್ತಾನೆ. ಆಗಲೂ ನೀವು ಬರೆದದ್ದಕ್ಕೇ ಅಲ್ವಾ ನಾನು ಸಹಿ ಹಾಕಿದ್ದು. ಇನ್ನೊಂದು ಕಾಗದ ಬರೀರಿ. ಪ್ರಾಯ ಎಷ್ಟು, ಯಾರಿಗಾಗಿ ಮಾಡಿಸಿದ್ದು, ಆವತ್ತು ನಿಮಗೆ ಎಂತ ಗೊತ್ತಿತ್ತು. ಎಲ್ಲ ಸರಿಯಾಗಿ. ಕೋರ್ಟಿಗೆ ಹೋಗ್ಲಿಕ್ಕೆ ಅಲ್ಲ, ಅದಕ್ಕೆಲ್ಲ ನನಗೆ ಪುರುಸೊತ್ತಿಲ್ಲ. ಅವನ ಮುಂದೆ ಇಡ್ಲಿಕ್ಕೆ."

ಬರೆಯುತ್ತೇನೆ ಎಂದೆ. ಆಪರೇಷನ್ ಮುಗಿಯಲಿ, ಆಮೇಲೆ ಬರೆದು ಕೊಡುತ್ತೇನೆ ಎಂದೆ.

ಸದ್ಯದ ಖರ್ಚಿಗೆ ಬಾಗಿಲು ಕೊಡುವುದೆಂದು ಅವರೇ ತೀರ್ಮಾನಿಸಿದ್ದರು. "ಬಾಗಿಲು ಶಿರ್ವದ್ದು. ಕೊಂಡು ಹೋಗಿ ಮಾರಿ. ಬೆನ್ನು ಪಪ್ಪನದ್ದು. ಅದು ಇರಲಿ." ಕಾಗದ ಅಂಟಿಸಿದ ಬಾಗಿಲಿನಿಂದ ಅದನ್ನು ಸುಲಿಯಲು ಹೋದೆ. ಬೇಡ ಎಂದರು. ತಾವೇ ಬ್ಲೇಡ್ ಹಾಕಿ ನಿಧಾನಕ್ಕೆ ಬಿಡಿಸಿ, ಮಡಿಸಲು ಬಾರದ ಆ ಕಾಗದವನ್ನು ಸೀರೆಗಳ ಅಡಿಗೆ ಇಟ್ಟರು.

ತಿರುಗಣೆ ಬಿಚ್ಚಿ ಬಾಗಿಲು ಇಳಿಸಿದೆ. ಮೋಹಿನಿ ಹಳೆಯ ಬೆಡ್‌ಶೀಟ್ ಒಂದಕ್ಕೆ ಅಂಚು ಹೊಲಿದು ಕೊಟ್ಟಿದ್ದಳು. ಪರದೆ ಹಾಗೆ ಕಟ್ಟಿದೆವು.

ಸೆಪ್ಟೆಂಬರ್ 16

ಲೆಸ್ಟರ್ ನಲವತ್ತು ಕೊಟ್ಟ. ನನ್ನ ಅಪ್ಪ ಉಳಿ ಇಡುತ್ತಿದ್ದ ಬೀಟೆ ಪೆಟ್ಟಿಗೆಯನ್ನೂ ಅವನಿಗೇ ಕೊಟ್ಟೆ. ಅದು ನಿಜವಾದ ಹಳೆಯದ್ದು. ಎರಡರ ಹಣವನ್ನೂ ಸೇರಿಸಿ ಆಂಜೆಲಾಳ ಕೈಗೆ ಕೊಟ್ಟು, ಬಾಗಿಲಿಗೆ ಒಳ್ಳೆಯ ಬೆಲೆ ಬಂತು ಎಂದು ಹೇಳಲು ಹೇಳಿದೆ.

ಸಂಜೆ ಬಾಯಮ್ಮನ ಫೋನ್. "ಬಾಗಿಲಿಗೆ ಅಷ್ಟು ಬರ್ಲಿಕ್ಕಿಲ್ಲ. ನಿಮ್ಮ ಬೆಲೆಯನ್ನು ನಾನು ಇನ್ನು ನಂಬುವುದಿಲ್ಲ ಆಚಾರ್ರೆ." ನಗುತ್ತಿದ್ದರು. ಹಣ ವಾಪಸು ಕಳಿಸಲಿಲ್ಲ. ನನಗೆ ಅಷ್ಟೇ ಸಾಕಿತ್ತು.

ಸೆಪ್ಟೆಂಬರ್ 18, ಗುರುವಾರ. ಮಣಿಪಾಲ, ಮಧ್ಯಾಹ್ನ 1.20

ಕಾಯುವ ಕುರ್ಚಿ. ಎಂಟಕ್ಕೆ ಒಳಗೆ ತೆಗೆದುಕೊಂಡು ಹೋದರು. ಮೂರು ನಾಲ್ಕು ಗಂಟೆ ಆಗಬಹುದು ಎಂದಿದ್ದರು. ಒಂದೂವರೆ ಗಂಟೆಯಲ್ಲೇ ಡಾಕ್ಟರ್ ಹೊರಗೆ ಬಂದರು.

ತೆರೆದು ನೋಡಿದರಂತೆ. ಎಲ್ಲ ಕಡೆ ಹಬ್ಬಿದೆಯಂತೆ. ತೆಗೆಯುವ ಹಾಗಿಲ್ಲ. ಹೊಲಿದು ಮುಚ್ಚಿದರು. ಹೋದ ವರ್ಷ ಬಂದಿದ್ದರೆ? — ಆಂಜೆಲಾ ಕೇಳಿದಳು. ಡಾಕ್ಟರ್ ಒಳ್ಳೆಯವರು, ನೇರ ಉತ್ತರ ಕೊಡಲಿಲ್ಲ.

ಹೋದ ಕ್ರಿಸ್ಮಸ್‌ಗೆ ಕೈಗೆ ಸಿಕ್ಕಿದ ಗಂಟು. ಆವತ್ತು ಕಪಾಟು ಮೂರು ಲಕ್ಷದ್ದು ಎಂಬ ಧೈರ್ಯ ಇಲ್ಲದಿದ್ದರೆ ಕಾರ್ಡ್ ಇರುತ್ತಿತ್ತು. ಕಾರ್ಡ್ ಇದ್ದಿದ್ದರೆ ಬಂದು ತೋರಿಸುತ್ತಿದ್ದರು. ನಾನು ಬರೆದದ್ದು ಮರದ ಬೆಲೆ ಎಂದುಕೊಂಡಿದ್ದೆ.

ಸ್ಯಾಮ್ಸನ್ ಬಂದಿದ್ದಾನೆ. ದೂರದ ಕುರ್ಚಿಯಲ್ಲಿ ಕೂತಿದ್ದಾನೆ, ತೊಡೆಯ ಮೇಲೆ ಕಿತ್ತಳೆಯ ಚೀಲ. ನಾವು ಒಬ್ಬರನ್ನೊಬ್ಬರು ನೋಡಲಿಲ್ಲ.

ಅಕ್ಟೋಬರ್ 12

ಬಾಯಮ್ಮ ಮನೆಗೆ ಬಂದು ಹದಿನೈದು ದಿನ. ಹೋಗಿದ್ದೆ. ಮಂಚವನ್ನು ಕಪಾಟಿನ ಹಿಂದಿನ ಸಂದಿ ಕಾಣುವ ಹಾಗೆ ತಿರುಗಿಸಿ ಹಾಕಿಸಿದ್ದಾರೆ.

"ಕಾಗದ?"

"ಆಗ್ತಾ ಉಂಟು ಬಾಯಮ್ಮ."

"ಅವಸರ ಉಂಟು, ನೋಡಿ."

ಆಗುತ್ತಾ ಇಲ್ಲ. ಸತ್ಯ ಏನೆಂದರೆ ನಾಲ್ಕು ಸಲ ಲೆಟರ್‌ಹೆಡ್ ತೆಗೆದೆ. "ಪ್ಲೈವುಡ್ ಇರುವುದು ನನಗೆ ಆಗಲೇ ಗೊತ್ತಿತ್ತು" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಸ್ಯಾಮ್ಸನ್ ಅದನ್ನು ನಾಲ್ಕು ಜನರಿಗೆ ತೋರಿಸಿದರೆ ಮೂವತ್ತು ವರ್ಷದ ಹೆಸರು ಹೋಗುತ್ತದೆ. ನಾನು ಬೆಲೆ ಬರೆದ ಎಷ್ಟು ಮನೆಗಳಿವೆ, ಅವರೆಲ್ಲ ಕಪಾಟು ಸರಿಸಿ ನೋಡುತ್ತಾರೆ. ಸಾಯುತ್ತಿರುವ ಹೆಂಗಸು ಒಂದು ಕಾಗದ ಕೇಳುತ್ತಿದ್ದಾರೆ, ನಾನು ನನ್ನ ಅಂಗಡಿಯ ಬೋರ್ಡಿನ ಯೋಚನೆಯಲ್ಲಿದ್ದೇನೆ. ಇದನ್ನು ಇಲ್ಲಿ ಬರೆಯಲು ಆಗುತ್ತದೆ. ಅಲ್ಲಿ ಆಗುವುದಿಲ್ಲ.

ಅಕ್ಟೋಬರ್ 30

ಸ್ಯಾಮ್ಸನ್ ಈಗ ದಿನ ಬಿಟ್ಟು ದಿನ ಬರುತ್ತಾನಂತೆ. ಆಂಜೆಲಾ ಹೇಳಿದಳು. ಮೊನ್ನೆ ಸಂದಿಯಲ್ಲಿ ಕೈ ಹಾಕಿ ಅಪ್ಪನ ಅಕ್ಷರ ಮುಟ್ಟಿ, ಹೊರಗೆ ಹೋಗಿ ಮಲ್ಲಿಗೆ ಗಿಡಗಳ ಹತ್ತಿರ ತುಂಬಾ ಹೊತ್ತು ನಿಂತನಂತೆ. ಒಳಗೆ ಬಂದು ಅಕ್ಕನ ಹತ್ತಿರ ಕೇಳಿದನಂತೆ — ನಿನಗೆ ಎಂತ ಬೇಕು?

"ಆಚಾರ್ರ ಕಾಗದ ಬರಲಿ, ಆಮೇಲೆ ಹೇಳ್ತೇನೆ," ಎಂದರಂತೆ.

ಇಬ್ಬರೂ ನನಗಾಗಿ ಕಾಯುತ್ತಿದ್ದಾರೆ.

ನವೆಂಬರ್ 2, ಭಾನುವಾರ

ಸತ್ತವರ ದಿನ. ಆಂಜೆಲಾ ಬೆಳಗ್ಗೆ ಒಂದು ಚೆಂಡು ಕಟ್ಟಿ ಬಾಯಮ್ಮನ ಅಪ್ಪನ ಸಮಾಧಿಗೆ ಇಟ್ಟು ಬಂದಳು. ಬಾಯಮ್ಮನೇ ಹೇಳಿ ಕಳಿಸಿದ್ದು. ಇಷ್ಟು ವರ್ಷ ಕಟ್ಟಿದ್ದೆಲ್ಲ ಕಟ್ಟೆಗೇ ಹೋಯಿತು, ಇವತ್ತಿನದ್ದು ಪಪ್ಪನಿಗೆ, ಎಂದು.

ನಾನು ಹೋದಾಗ ಕಣ್ಣು ಮುಚ್ಚಿದ್ದರು. ನಾನು ಹೊರಡಲು ಎದ್ದಾಗ ಕೈ ನೀಡಿದರು, ಕಾಗದಕ್ಕೆ. ಕೈ ಹಿಡಿದುಕೊಂಡೆ. ಇದಲ್ಲ ಎನ್ನುವ ಹಾಗೆ ಬಿಡಿಸಿಕೊಂಡರು.

ನಾಳೆ ಎಂದೆ. ಆಣೆ ಹಾಕಿ ಹೇಳಿದೆ.

ನವೆಂಬರ್ 3, ಸೋಮವಾರ. ಬೆಳಗ್ಗೆ 7.40

ಅಂಗಡಿಗೆ ಹೋಗಲಿಲ್ಲ. ಮೊದಲು ಇಲ್ಲಿ ಬರೆದು, ಆಮೇಲೆ ಲೆಟರ್‌ಹೆಡ್ಡಿಗೆ ಇಳಿಸುವುದು. ಒಂಬತ್ತರ ಒಳಗೆ ಶಂಕರಪುರ ಮುಟ್ಟಬೇಕು.

"ಶಂಕರಪುರದ ವೆರೊನಿಕಾ ಅವರ ಮನೆಯ ಬಟ್ಟೆ ಕಪಾಟಿಗೆ ನಾನು 2003ರಲ್ಲಿ ಬರೆದು ಕೊಟ್ಟ ಕಾಗದ ಸುಳ್ಳು. ಬೆನ್ನು ನೋಡದೆ ಬರೆದದ್ದು. ಡ್ರಾಯರಿನ ಅಡಿಗೆ ಪ್ಲೈವುಡ್ ಇರುವುದು ನನಗೆ ಆಗಲೇ ಗೊತ್ತಿತ್ತು.

ವಸ್ತು: ಹೆಣ್ಣಿಗೆ ಮದುವೆಯಲ್ಲಿ ಕೊಡುವ ಕಪಾಟು. ಮರ: ಹಲಸು, ಬೆನ್ನಿಗೆ ಮಾವು. ಪ್ರಾಯ: ನಲವತ್ತಾರು ವರ್ಷ, ಒಂಬತ್ತು ತಿಂಗಳು. ಮಾಡಿಸಿದ್ದು: ಅವರ ತಂದೆ, ಮಗಳು ವೆರೊನಿಕಾಳಿಗಾಗಿ. ತಂದೆಯ ಕೈಬರಹ ಬೆನ್ನಿನಲ್ಲಿದೆ. ಇದು ಯಾವತ್ತೂ ಮನೆಯ ಆಸ್ತಿಯಾಗಿರಲಿಲ್ಲ. ಆದುದರಿಂದ ಇದು ಪಾಲು ಅಲ್ಲ. ಅವರ ಪಾಲು ಇನ್ನೂ ಅವರಿಗೆ ಸಿಕ್ಕಿಲ್ಲ."

ನಿಲ್ಲದೆ ಬಂತು. ಇಷ್ಟು ಸುಲಭ ಇತ್ತು. ಐದು ನಿಮಿಷ ಆಗಲಿಲ್ಲ.

ಒಳಗೆ ಫೋನ್ ಆಗುತ್ತಿದೆ. ಎರಡನೇ ಸಲ. ಮೋಹಿನಿ ತೆಗೆದಳು. "ಹೇಳು ಆಂಜೆಲಾ," ಎಂದದ್ದು ಕೇಳಿತು. ಆಮೇಲೆ, "ಎಷ್ಟು ಹೊತ್ತಿಗೆ?" ಎಂದದ್ದು.

ಬಾಗಿಲ ಹತ್ತಿರ ಬಂದು ನಿಂತಿದ್ದಾಳೆ. ಒಂದು ನಿಮಿಷ ಎಂದೆ. ಒಂದೇ ಸಾಲು ಬಾಕಿ ಉಂಟು, ಬರೆದು ಏಳುತ್ತೇನೆ ಎಂದೆ.

ಬೆಲೆ: